ಎರಡನೇ ಗುಂಪಿನವಳು

ಹನ್ನೊಂದು ವರ್ಷದಿಂದ ನಾನು ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ಕಲಿಯುವವರು ಸ್ಟಿಯರಿಂಗ್ ಹಿಡಿದು ಕೂತರೆ ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ನನ್ನ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಅದನ್ನು ನಾನು ಅಗತ್ಯಕ್ಕಿಂತ ತುಸು ಹೆಚ್ಚೇ ತುಳಿಯುತ್ತೇನೆಂಬ ಖ್ಯಾತಿ ಇದೆ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಬ್ರೇಕ್ ಮೇಡಂ ಎನ್ನುತ್ತಾರೆ. ಒಮ್ಮೆ ಒಬ್ಬ ಬ್ಯಾಂಕ್ ಮ್ಯಾನೇಜರು ಬಾಯಿ ತಪ್ಪಿ ನನ್ನೆದುರೇ ಹಾಗೆ ಕರೆದುಬಿಟ್ಟರು. ಗಾಬರಿಯಲ್ಲಿ ಯಾವುದನ್ನೋ ಒತ್ತಿ ತರಕಾರಿ ಅಂಗಡಿಯ ಮುಂದಿನ ಕಲ್ಲುಕಂಬಕ್ಕೆ ಗುದ್ದಿದರು. ಆ ದಿನ ಮಾತ್ರ ನಾನು ಬ್ರೇಕ್ ತುಳಿದಿರಲಿಲ್ಲ. ಆ ಹೆಸರು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ.

ಇಷ್ಟು ಹುಷಾರಿನ ಹೆಂಗಸು ಸ್ವಂತ ಮೈಯ ವಿಷಯದಲ್ಲಿ ಹತ್ತು ತಿಂಗಳು ಕಣ್ಣು ಮುಚ್ಚಿಕೊಂಡಿದ್ದೆ. ಮುಟ್ಟು ನಿಂತರೆ ನಲವತ್ತು ದಿನ ಸುದ್ದಿಯಿಲ್ಲ. ಬಂದರೆ ಇಪ್ಪತ್ತು ದಿನ ಬಿಟ್ಟು ಹೋಗದು. ಹಗಲೆಲ್ಲ ಕೂತೇ ಇರುತ್ತೇನಲ್ಲ, ಹೊಸ ಕಾರಿನ ಸೀಟು ಬೇರೆ ಗಟ್ಟಿ, ಅದಕ್ಕೇ ಹೀಗೆ ಎಂದು ನನಗೆ ನಾನೇ ರೋಗನಿರ್ಣಯ ಮಾಡಿಕೊಂಡೆ. ಒಂದು ಒಳ್ಳೆಯ ಮೆತ್ತೆ ಕೊಂಡು ಸೀಟಿನ ಮೇಲೆ ಹಾಕಿದೆ. ರಕ್ತಸ್ರಾವಕ್ಕೆ ಮೆತ್ತೆಯ ಚಿಕಿತ್ಸೆ ಮಾಡಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಕೊನೆಗೆ ಡಾಕ್ಟರ ಬಳಿ ಹೋದದ್ದೂ ಬೇರೆ ಕಾರಣಕ್ಕೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ನನಗೆ ಮೂವತ್ತನಾಲ್ಕು. ನಮ್ಮವರು ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವ ಕೆಲಸ ಮಾಡುತ್ತಾರೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಂಥವರು ಒಂದು ಬೆಳಿಗ್ಗೆ, ಒಮ್ಮೆ ತೋರಿಸಿಕೊಂಡು ಬರೋಣ ಎಂದು ಪೂರ್ತಿ ಒಂದು ವಾಕ್ಯ ಹೇಳಿದರು. ಇಲ್ಲವೆನ್ನಲು ಮನಸ್ಸು ಬರಲಿಲ್ಲ.

ಡಾಕ್ಟರಮ್ಮ ನನಗಿಂತ ಹತ್ತು ವರ್ಷ ದೊಡ್ಡವರು, ಮಾತಿನಲ್ಲಿ ಬಲು ಮಿತ. ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಫಲಿತಾಂಶ ಹೇಳಲು ಕರೆಸಿದಾಗ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಗರ್ಭಕೋಶ ಇತ್ತು. ಸುಮ್ಮನೆ ಕೂರಲಾರದ ನಾನು ಅದನ್ನು ಕೈಗೆತ್ತಿಕೊಂಡೆ. ಅವರು ಕ್ಯಾನ್ಸರ್ ಎಂದ ಗಳಿಗೆಗೆ ಸರಿಯಾಗಿ ಅದು ನನ್ನ ಕೈಯಲ್ಲಿ ಎರಡು ಹೋಳಾಯಿತು. ಮುಂದಿನ ಐದು ನಿಮಿಷ ಅವರು ಏನೇನು ಹೇಳಿದರೋ ನನಗೆ ಗೊತ್ತಿಲ್ಲ. ನಾನು ಆ ಹೋಳುಗಳನ್ನು ಜೋಡಿಸುವುದರಲ್ಲೇ ಮುಳುಗಿದ್ದೆ. ನಮ್ಮವರು ಮೆಲ್ಲಗೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಟಕ್ಕನೆ ಕೂಡಿಸಿ, ಮೇಜಿನ ಮೇಲಿಟ್ಟರು.

ಡಾಕ್ಟರಮ್ಮ ಮತ್ತೆ ಮೊದಲಿನಿಂದ ಹೇಳಿದರು. ಇಂಥ ಕ್ಯಾನ್ಸರಿಗೆ ಸಾಮಾನ್ಯವಾಗಿ ಗರ್ಭಕೋಶವನ್ನೇ ತೆಗೆದುಬಿಡುತ್ತಾರೆ. ಹೆಚ್ಚಿನವರಿಗೆ ಅಲ್ಲಿಗೆ ಕಾಯಿಲೆ ಮುಗಿಯುತ್ತದೆ. ಆದರೆ ನನ್ನದು ಆರಂಭದ ಹಂತ, ನಿಧಾನವಾಗಿ ಬೆಳೆಯುವ ಜಾತಿ. ಮಗು ಬೇಕೆನ್ನುವವರಿಗೆ ಗರ್ಭಕೋಶ ಉಳಿಸಿಕೊಂಡು ಹಾರ್ಮೋನ್ ಚಿಕಿತ್ಸೆ ಮಾಡುವ ದಾರಿಯೊಂದಿದೆ. ಮೂರು ಮೂರು ತಿಂಗಳಿಗೆ ಒಳಗಿನ ಚೂರು ತೆಗೆದು ನೋಡಬೇಕು. ಅದು ಎಲ್ಲರಿಗೂ ಒಗ್ಗುವುದಿಲ್ಲ. ಮೊದಲು ಸ್ಕ್ಯಾನ್ ಮಾಡಿ ಕಾಯಿಲೆ ಗರ್ಭಕೋಶದ ಸ್ನಾಯುವಿಗೆ ಇಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಆ ಚೂರಿನ ಜೀನ್ ಪರೀಕ್ಷೆಯಾಗಬೇಕು.

“ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಎಲ್ಲಾ ಒಂದೇ ಥರ ಕಾಣುತ್ತೆ,” ಎಂದರು ಅವರು. “ಜೀನ್ ನೋಡಿದ್ರೆ ನಾಲ್ಕು ಗುಂಪು. ನಿಮ್ಮದು ಯಾವುದು ಅಂತ ಗೊತ್ತಾಗೋವರೆಗೂ ನಾನು ಯಾವ ಮಾತೂ ಕೊಡಲ್ಲ.”

ಸ್ಕ್ಯಾನಿನಲ್ಲಿ ಕಾಯಿಲೆ ಒಳಗೆ ಇಳಿದಿರಲಿಲ್ಲ. ಜೀನ್ ಪರೀಕ್ಷೆಗೆ ಮೂರು ವಾರ ಕಾಯಬೇಕಿತ್ತು. ಆ ಮೂರು ವಾರ ನಾನು ಶಾಲೆಯಲ್ಲಿದ್ದಾಗಲೂ ಓದದಷ್ಟು ಓದಿದೆ. ನಾಲ್ಕು ಗುಂಪುಗಳ ಪಟ್ಟಿ ಮಾಡಿ, ಬಣ್ಣ ಬಳಿದು, ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಒಂದನೆಯದು ಅಪರೂಪದ್ದು, ತುಂಬ ಸಾಧು. ಎರಡನೆಯದರಲ್ಲಿ ಕಾಯಿಲೆ ವಂಶದಿಂದ ಬಂದಿರಬಹುದೆಂಬ ಅನುಮಾನ. ಹಾರ್ಮೋನಿನ ಮಾತು ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಕೇಳಿದರೂ ಮರುಕಳಿಸುವ ಭಯ. ಮೂರನೆಯದು ಸಾಧಾರಣ, ಹಾರ್ಮೋನಿಗೆ ಚೆನ್ನಾಗಿ ಬಗ್ಗುವಂಥದ್ದು. ನಾಲ್ಕನೆಯದು ಮಹಾ ಹಠಮಾರಿ. ಅದಾದರೆ ಗರ್ಭಕೋಶ ಉಳಿಸುವ ಮಾತೇ ಎತ್ತುವಂತಿಲ್ಲ. ನಮ್ಮವರು ಬಟ್ಟೆ ತೆಗೆಯಲು ಹೋಗಿ ಆ ಪಟ್ಟಿ ನೋಡಿ, ರಸ್ತೆ ಚಿಹ್ನೆಗಳನ್ನು ಬದಲಾಯಿಸಿದ್ದಾರಾ ಎಂದು ಕೇಳಿದರು. ಹುಟ್ಟಿದಾಗಿನಿಂದ ನಾಲ್ಕು ಜನರ ನಡುವೆ ಎದ್ದು ಕಾಣಬೇಕೆಂದು ಒದ್ದಾಡಿದವಳು ಆ ದಿನಗಳಲ್ಲಿ ಮೂರನೆಯ ಸಾಧಾರಣ ಗುಂಪಿಗೆ ಸೇರಿಸಪ್ಪಾ ಎಂದು ಕಂಡ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ. ಕಲಿಯಲು ಬಂದವರ ಮೇಲೆ ಬ್ರೇಕಿನ ಪ್ರಯೋಗ ಎಷ್ಟು ಹೆಚ್ಚಿತೆಂದರೆ ಇಬ್ಬರು ಬೇರೆ ಶಾಲೆಗೆ ಸೇರಿಕೊಂಡರು.

ಬಂದದ್ದು ಎರಡನೇ ಗುಂಪು.

ಈ ಗುಂಪಿನವರನ್ನು ಡಾಕ್ಟರಮ್ಮ ಮೊದಲು ಜೀನ್ ಸಲಹೆಗಾರ್ತಿಯ ಬಳಿ ಕಳಿಸುತ್ತಾರೆ. ಆಕೆ ಚಿಕ್ಕ ವಯಸ್ಸಿನ, ತಾಳ್ಮೆಯ ಹೆಣ್ಣುಮಗಳು. ಹಾಳೆಯ ಮೇಲೆ ಗುಂಡು, ಚೌಕ ಬರೆಯುತ್ತ ನಮ್ಮ ಮನೆತನದಲ್ಲಿ ಯಾರು ಯಾವಾಗ ಯಾವುದರಿಂದ ಸತ್ತರೆಂದು ಕೇಳುತ್ತ ಹೋದಳು. ಅಪ್ಪ ನಲವತ್ನಾಲ್ಕಕ್ಕೆ ಹೋದರು, ಕರುಳಿನ ಕ್ಯಾನ್ಸರ್ ಎಂದೆ. ಅವರ ತಾಯಿ? ಹೊಟ್ಟೆನೋವಿನಿಂದ, ಐವತ್ತಕ್ಕೂ ಮೊದಲೇ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಲಿಲ್ಲ, ಅದಕ್ಕೇ ಹಾಗಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುವ ಕಾರಣವನ್ನೂ ಕೊಟ್ಟೆ. ಆಕೆ ಅದನ್ನು ಬರೆದುಕೊಳ್ಳಲಿಲ್ಲ.

ಜೀವಕೋಶಗಳು ಒಂದು ಎರಡಾಗುವಾಗ ಆಗುವ ತಪ್ಪುಗಳನ್ನು ಸರಿಪಡಿಸಲು ನಮ್ಮೊಳಗೆ ಕೆಲವು ಜೀನ್‌ಗಳಿರುತ್ತವೆ, ಅವುಗಳಲ್ಲಿ ಒಂದು ನನ್ನಲ್ಲಿ ಕೆಟ್ಟಿರಬಹುದು ಎಂದಳು. ರಕ್ತ ಪರೀಕ್ಷೆ ಅದನ್ನೇ ಖಚಿತಪಡಿಸಿತು. ಬಹುಶಃ ಅಪ್ಪನಿಂದ ಬಂದದ್ದು. ಅಂಥವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇದ್ದವರಿಗೆ ಕರುಳಿನ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚು. ಆದರೆ ಗೊತ್ತಿದ್ದರೆ ಮೊದಲೇ ನೋಡಿಕೊಳ್ಳಬಹುದು.

“ಒಡಹುಟ್ಟಿದವರು ಇದ್ದಾರಾ?” ಎಂದು ಕೇಳಿದಳು.

“ಒಬ್ಬಳು ಅಕ್ಕ. ಆದ್ರೆ ನಾವು ಮಾತಾಡಲ್ಲ.”

ಯಾಕೆಂದು ಅವಳು ಕೇಳಬಾರದಿತ್ತು. ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ನಾನೇ ಕಾರು ಕಲಿಸಲು ಹೋಗಿದ್ದೆ. ದೊಡ್ಡ ವೃತ್ತವೊಂದನ್ನು ಸುತ್ತಿ ಬರುವಷ್ಟರಲ್ಲಿ ಹನ್ನೆರಡು ಸಲ ಬ್ರೇಕ್ ಹಾಕಿದ್ದೆ. ಹದಿಮೂರನೆಯದಕ್ಕೆ ಅಕ್ಕ ನಟ್ಟನಡು ರಸ್ತೆಯಲ್ಲಿ ಇಳಿದು, ಬಾಗಿಲನ್ನೂ ಹಾಕದೆ ಮನೆಗೆ ನಡೆದುಬಿಟ್ಟಳು. ಸುತ್ತಲೂ ಹಾರನ್ನುಗಳು ಅರಚುತ್ತಿದ್ದರೆ ನಾನು ಅವಳ ಬೆನ್ನಿಗೆ, ಇಂಡಿಕೇಟರ್ ಹಾಕದೆ ಇಳಿಯುವ ಹಾಗಿಲ್ಲ ಎಂದು ಕೂಗಿದ್ದೆ. ಅಂದಿನಿಂದ ಮಾತಿಲ್ಲ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಸಲಹೆಗಾರ್ತಿ ತುಟಿ ಕಚ್ಚಿಕೊಂಡು ಪೆನ್ನು ನೋಡುತ್ತ ಕೂತಿದ್ದಳು. ಆ ಜಗಳ ಎಷ್ಟು ಘನವಾದದ್ದೆಂದು ನನಗೂ ಆವತ್ತೇ ತಿಳಿದದ್ದು.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಮ್ಮ ಅವಳ ಜೊತೆಗಿದ್ದು ಗುಂಡಿ ಹೊಲಿದುಕೊಡುತ್ತಾಳೆ. ಅವರ ಬೀದಿಗೆ ಹೋಗಿ, ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಪ್ಪಿಸುತ್ತ, ಧೈರ್ಯ ಸಾಲದೆ ಮೂರು ಸುತ್ತು ಹೊಡೆದೆ. ನಾಲ್ಕನೇ ಸುತ್ತಿಗೆ ಅಮ್ಮ ಗೇಟಿನ ಹತ್ತಿರ ಬಂದು ಕೈ ಅಡ್ಡ ಹಿಡಿದಳು. ನಿನ್ನ ಸಣ್ಣ ಮಗಳು ಪೆಟ್ರೋಲ್ ಸುಡ್ತಾ ಇದ್ದಾಳೆ, ಬರೋದಿದ್ದರೆ ಒಳಗೆ ಬರಲಿ ಎಂದು ಅಕ್ಕ ಹೇಳಿ ಕಳಿಸಿದ್ದಳಂತೆ.

ಅಕ್ಕ ಯಾರದೋ ಕೋಟನ್ನು ಬೊಂಬೆಗೆ ತೊಡಿಸಿ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದಳು. ಕ್ಷೇಮಸಮಾಚಾರದಿಂದ ಶುರುವಾಗುವ ಒಳ್ಳೆಯ ಭಾಷಣ ನನ್ನ ಬಳಿ ಸಿದ್ಧವಿತ್ತು. ಬಾಯಿ ತೆರೆದರೆ ಬಂದದ್ದೇ ಬೇರೆ.

“ಅಕ್ಕ, ನಂಗೆ ಕ್ಯಾನ್ಸರ್. ನಿಂಗೂ ಬರಬಹುದು.”

ಅವಳು ಒಂದೊಂದೇ ಸೂಜಿಯನ್ನು ಬಾಯಿಂದ ತೆಗೆದು ಕೋಟಿನ ಕಾಲರಿಗೆ ಚುಚ್ಚಿದಳು. ಎಲ್ಲ ಮುಗಿದ ಮೇಲೆ ಹೇಳಿದಳು: “ನಾಲ್ಕು ವರ್ಷ ಆದ್ಮೇಲೆ ಬಂದು ಹೇಳೋ ಮಾತೇನೇ ಇದು?” ಹೇಳುತ್ತಲೇ ಸ್ಟೂಲು ಎಳೆದು ನನ್ನ ಮುಂದಿಟ್ಟಳು. ಅವಳ ಕಣ್ಣು ಆಗಲೇ ತುಂಬಿತ್ತು.

ನಾನು ಸಲಹೆಗಾರ್ತಿಯ ಪತ್ರ ತೆಗೆದು ವಿವರಿಸತೊಡಗಿದೆ. ವಿವರಿಸುವುದೆಂದರೆ ನನಗೆ ಗೊತ್ತಿರುವುದು ಒಂದೇ ರೀತಿ. ಪಾಠ ಮಾಡುವಂತೆ ಬೆರಳು ಮಡಚಿ ಮಡಚಿ ಹೇಳಿದೆ. ಜೀನ್ ಎಂದರೇನು, ಅದು ಹೇಗೆ ಕೆಡುತ್ತದೆ, ಅಪ್ಪನಿಗೆ ಅವರಮ್ಮನಿಂದ ಬಂದಿತ್ತು, ಹುಟ್ಟುವಾಗಲೇ ಇತ್ತು. ಅಕ್ಕ ಕೇಳುತ್ತಿದ್ದಳು. ಅಮ್ಮ ಗುಂಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅವಳಿಗೆ ಅರ್ಥವಾಗುತ್ತಿಲ್ಲವೆಂದುಕೊಂಡು, ಬುದ್ಧಿವಂತೆಯಾದ ನಾನು ದನಿ ಏರಿಸಿ ಎಲ್ಲವನ್ನೂ ಮೊದಲಿನಿಂದ ಹೇಳಲು ಹೊರಟೆ.

ಅಮ್ಮ ತಡೆದಳು. “ಹಾಗಾದ್ರೆ, ನಾನು ಕಟ್ಟಿಕೊಡ್ತಿದ್ದ ತಂಗಳೂಟದಿಂದ ಅಲ್ವಾ ಅದು?”

ನಾವಿಬ್ಬರೂ ಅವಳನ್ನೇ ನೋಡಿದೆವು. ಅಪ್ಪನಿಗೆ ಬೆಳಗಿನ ಐದಕ್ಕೆ ಡಿಪೋ ಸೇರಬೇಕಿತ್ತು. ಅಷ್ಟು ಬೇಗ ಎದ್ದು ಅಡುಗೆ ಮಾಡಲಾರದೆ ಅಮ್ಮ ಹಿಂದಿನ ದಿನದ್ದನ್ನೇ ಡಬ್ಬಿಗೆ ಹಾಕಿ ಕಳಿಸುತ್ತಿದ್ದಳು. ಅವರು ಸತ್ತಾಗ ಯಾರೋ ಸಂಬಂಧಿಕರು ಆ ಮಾತು ಆಡಿದ್ದರಂತೆ. ಇಪ್ಪತ್ತಾರು ವರ್ಷ ಅವಳು ಅದನ್ನು ಹೊತ್ತುಕೊಂಡೇ ಓಡಾಡಿದ್ದಳು. ನಮಗೆ ಬಿಸಿಯೂಟ ಬಡಿಸುವಾಗಲೆಲ್ಲ ಅವಳಿಗೆ ಏನು ಅನಿಸುತ್ತಿತ್ತೋ. ಇಡೀ ಮನೆತನದ ರೋಗಚರಿತ್ರೆ ಬಾಯಿಪಾಠ ಮಾಡಿ ಬಂದಿದ್ದ ನನಗೆ ಇದೊಂದು ಗೊತ್ತಿರಲಿಲ್ಲ.

“ಅಲ್ಲಮ್ಮ,” ಎಂದಳು ಅಕ್ಕ. “ಊಟದಿಂದ ಅಲ್ಲ.”

ಅಮ್ಮ ತಲೆಯಾಡಿಸಿ, ಡಬ್ಬಿಯಲ್ಲಿ ಒಂದೇ ಬಣ್ಣದ ನಾಲ್ಕು ಗುಂಡಿ ಹುಡುಕತೊಡಗಿದಳು. ತುಂಬ ಹೊತ್ತು ಹುಡುಕಿದಳು.

ಅಕ್ಕನಲ್ಲೂ ಅದೇ ಜೀನ್ ಕೆಟ್ಟಿತ್ತು. ಇಬ್ಬರಿಗೂ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕಿತ್ತು, ಒಂದೇ ದಿನ. ಹಿಂದಿನ ದಿನ ಹೊಟ್ಟೆ ಖಾಲಿಯಾಗಲು ಕುಡಿಯಬೇಕಾದ ಔಷಧಿಯ ನೀರನ್ನು ಜೊತೆಯಾಗಿ ಕುಡಿಯೋಣ, ಪರಸ್ಪರ ಧೈರ್ಯವಿರುತ್ತದೆ ಎಂದು ಸೂಚಿಸಿದ ಮಹಾಶಯೆ ನಾನೇ. ಅಕ್ಕನ ಮನೆಯಲ್ಲಿರುವುದು ಒಂದೇ ಕಕ್ಕಸು ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ನಾಲ್ಕು ವರ್ಷ ಬಾಕಿ ಉಳಿದಿದ್ದ ಮಾತೆಲ್ಲ ಆ ಸಂಜೆ ಒಂದು ಬಾಗಿಲಿನ ಎರಡೂ ಕಡೆಯಿಂದ ಆಡಿ ಮುಗಿಸಿದೆವು. ಹೆಚ್ಚಿನವು ಬೇಗ ಹೊರಗೆ ಬಾ ಎಂಬ ಅರ್ಥದವು. ಅಮ್ಮ ಪಕ್ಕದ ಮನೆಯವರನ್ನು ಕೇಳಿ ನನ್ನನ್ನು ಅಲ್ಲಿಗೆ ಓಡಿಸಿದಳು.

ನನ್ನ ಕರುಳು ಚೊಕ್ಕಟವಾಗಿತ್ತು. ಅಕ್ಕನದರಲ್ಲಿ ಒಂದು ಗಂಟಿತ್ತು, ಅಲ್ಲೇ ತೆಗೆದರು. ವಾರದ ಮೇಲೆ ಅವಳು ಫೋನ್ ಮಾಡಿ, ಅದು ಇನ್ನೂ ಕೆಟ್ಟಿರಲಿಲ್ಲ, ಬಿಟ್ಟಿದ್ದರೆ ನಾಲ್ಕೈದು ವರ್ಷದಲ್ಲಿ ಕೆಡುತ್ತಿತ್ತಂತೆ ಎಂದು ಹೇಳಿ ಟಪ್ಪನೆ ಇಟ್ಟುಬಿಟ್ಟಳು. ಎರಡು ನಿಮಿಷಕ್ಕೆ ಮತ್ತೆ ಮಾಡಿ ನನ್ನ ಸೊಂಟದ ಅಳತೆ ಕೇಳಿದಳು.

ಕೇಳಲು ಕಾರಣವಿತ್ತು. ಎರಡನೇ ಗುಂಪಿನವರಿಗೆ ಹಾರ್ಮೋನ್ ಚಿಕಿತ್ಸೆ ಕೊಡಲು ಡಾಕ್ಟರಮ್ಮ ಮೊದಲು ಹಿಂಜರಿದಿದ್ದರು. ಕೆಲಸ ಮಾಡದಿರಬಹುದು, ಮಾಡಿದರೂ ಮರಳಿ ಬರಬಹುದು, ಆದ್ದರಿಂದ ಗಡುವು ಹಾಕಿಕೊಂಡೇ ಶುರು ಮಾಡೋಣ ಎಂದಿದ್ದರು. ಗರ್ಭಕೋಶದೊಳಗೆ ಹಾರ್ಮೋನ್ ಬಿಡುವ ಒಂದು ಚಿಕ್ಕ ಸಾಧನ ಇಟ್ಟರು, ಜೊತೆಗೆ ಮಾತ್ರೆ. ಆ ಮಾತ್ರೆಯಿಂದ ಬರುವ ಹಸಿವು ಮನುಷ್ಯರದ್ದಲ್ಲ. ಕಾರಿನ ಕಾಗದಪತ್ರ ಇಡುವ ಜಾಗದಲ್ಲಿ ಬಿಸ್ಕತ್ತು ತುಂಬಿಕೊಂಡೆ. ಕಲಿಯುವವರು ಗೇರ್ ಬದಲಿಸಿದಾಗೆಲ್ಲ ನಾನು ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಆರು ತಿಂಗಳಲ್ಲಿ ಹನ್ನೊಂದು ಕೆ.ಜಿ. ಏರಿದೆ. ತೂಕ ಇಳಿಸುವುದೂ ಚಿಕಿತ್ಸೆಯ ಭಾಗ ಎಂದು ಡಾಕ್ಟರಮ್ಮ ಹೇಳಿದಾಗ ಬಾಯೊಳಗೆ ಇನ್ನೂ ಪುಡಿ ಇತ್ತು. ಅಕ್ಕ ನನ್ನ ಬಟ್ಟೆಗಳ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಲೇ ಹೋದಳು. ಒಮ್ಮೆಯೂ ಹಾಸ್ಯ ಮಾಡಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ಮೂರನೇ ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಕಡಿಮೆಯಾಗಿತ್ತು. ಆರನೆಯದರಲ್ಲೂ ಅಷ್ಟೇ ಉಳಿದಿತ್ತು. ಇನ್ನು ತೆಗೆದುಬಿಡುವುದು ಕ್ಷೇಮ ಎಂದರು ಡಾಕ್ಟರಮ್ಮ. ನಾನು ಇನ್ನೂ ಮೂರು ತಿಂಗಳ ಅವಕಾಶ ಕೇಳಿದೆ. ವಾದ ಹೂಡಲು ದೊಡ್ಡ ದೊಡ್ಡ ಮಾತು ಯೋಚಿಸಿಕೊಂಡಿದ್ದೆ, ಬರೀ ಅತ್ತೆ. ಸ್ಕ್ಯಾನ್ ಮತ್ತೆ ಮಾಡಿಸಿ, ಆಳಕ್ಕೆ ಹೋಗಿಲ್ಲವೆಂದು ನೋಡಿಕೊಂಡು, ಅವರು ಒಪ್ಪಿದರು. ಒಂಬತ್ತನೇ ತಿಂಗಳಲ್ಲೂ ಇದ್ದರೆ ನಾನು ತಕರಾರಿಲ್ಲದೆ ಆಪರೇಷನ್ ಮೇಜಿಗೆ ಹತ್ತಬೇಕೆಂದು ಮಾತು ತೆಗೆದುಕೊಂಡರು.

ಒಂಬತ್ತನೇ ತಿಂಗಳ ಚೂರಿನಲ್ಲಿ ಏನೂ ಸಿಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮವರನ್ನು ತಬ್ಬಿಕೊಳ್ಳಲು ಹೋಗಿ ಅವರ ಕನ್ನಡಕ ಬೀಳಿಸಿ ಅದರ ಮೇಲೆ ಕಾಲಿಟ್ಟೆ.

ಕಾಯಲು ಸಮಯವಿರಲಿಲ್ಲ. ಮರುಕಳಿಸುವ ಮೊದಲು ಮಗುವಾಗಬೇಕು, ಆದ ಮೇಲೆ ಗರ್ಭಕೋಶ ತೆಗೆಯಬೇಕು. ನನ್ನ ಅಂಡಾಣು ತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿದರು. ಹೀಗೆ ಮಾಡುವಾಗ ಯಾವ ಭ್ರೂಣಕ್ಕೆ ಆ ಕೆಟ್ಟ ಜೀನ್ ಬಂದಿದೆ, ಯಾವುದಕ್ಕಿಲ್ಲ ಎಂದು ನೋಡಬಹುದಂತೆ. ನಾವು ನೋಡಲು ಹೇಳಿದೆವು. ಕೊನೆಗೆ ಉಳಿದದ್ದು ಎರಡು. ಒಂದರಲ್ಲಿ ಇರಲಿಲ್ಲ, ಇನ್ನೊಂದರಲ್ಲಿ ಇತ್ತು. ಇಲ್ಲದ್ದನ್ನು ಮೊದಲು ಗರ್ಭಕೋಶದಲ್ಲಿಟ್ಟರು. ಅದು ನಿಲ್ಲಲಿಲ್ಲ.

ಇನ್ನೊಮ್ಮೆ ಅಂಡಾಣು ತೆಗೆಯುವಷ್ಟು ದಿನ ಕಾಯುವುದು ಡಾಕ್ಟರಮ್ಮನಿಗೆ ಇಷ್ಟವಿರಲಿಲ್ಲ. ಉಳಿದದ್ದು ನನ್ನ ಜೀನಿನ ಆ ಒಂದು. ಸಲಹೆಗಾರ್ತಿ ಎರಡೂ ಕಡೆಯ ವಿಷಯ ಹೇಳಿ, ತೀರ್ಮಾನ ನಿಮ್ಮದೇ ಎಂದಳು. ಎರಡು ವಾರ ನಾನು ಯಾವ ಪಟ್ಟಿಯನ್ನೂ ಮಾಡಲಿಲ್ಲ. ಗೊತ್ತಿದ್ದೂ ಮಗುವಿಗೆ ಇದನ್ನು ದಾಟಿಸುವುದು ಯಾವ ನ್ಯಾಯ ಎಂದು ನಮ್ಮವರ ತಲೆ ತಿಂದೆ. ಅವರು ಒಂದು ಸಂಜೆ ತಮ್ಮ ಹೊಸ ಕನ್ನಡಕ ಒರೆಸುತ್ತ ಹೇಳಿದರು:

“ನೀನು ಹುಟ್ಟೋಕೆ ಮುಂಚೆ ಯಾರಾದ್ರೂ ಹಿಂಗೇ ಪರೀಕ್ಷೆ ಮಾಡಿ ಬೇಡ ಅಂದಿದ್ರೆ, ನಾನು ಯಾರನ್ನ ಮದುವೆ ಆಗ್ಬೇಕಿತ್ತು?”

“ಯಾರಾದ್ರೂ ಕಮ್ಮಿ ಮಾತಾಡೋಳು ಸಿಗ್ತಿದ್ಲು ಬಿಡಿ,” ಎಂದೆ.

ಅವರು ನಗಲಿಲ್ಲ. “ನಂಗೆ ಬೇಡ,” ಎಂದರು.

ಅಕ್ಕನಿಗೆ ಈ ನಿರ್ಧಾರ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಗಂಟು ತೆಗೆಸಿಕೊಂಡವಳು ತಾನು, ಪ್ರತಿ ಸಲ ರಿಪೋರ್ಟಿಗೆ ಕಾಯುವಾಗ ಹೇಗಿರುತ್ತದೆಂದು ತನಗೆ ಗೊತ್ತು ಎಂದಳು. ಅದು ನಿಜ. ಅಮ್ಮ ಮಾತ್ರ, ಗೊತ್ತಿರುತ್ತದಲ್ಲ, ನಿಮ್ಮಪ್ಪನಿಗೆ ಗೊತ್ತೇ ಇರಲಿಲ್ಲ ಎಂದಳು. ನಾವು ಆ ಭ್ರೂಣವನ್ನು ಇಡಿಸಿಕೊಂಡೆವು. ಅದು ನಿಂತಿತು.

ಬಸುರಿಯಾಗಿ ನಾನು ಹೇಗಿದ್ದೆನೆಂದು ಹೇಳದಿರುವುದೇ ಒಳ್ಳೆಯದು. ಮೆಟ್ಟಿಲಿಳಿಯುವಾಗಲೂ ಎರಡೂ ಕಡೆ ನೋಡುತ್ತಿದ್ದೆ. ಎಂಟೂವರೆ ತಿಂಗಳಿಗೆ ಮಗಳು ಹುಟ್ಟಿದಳು. ಡಾಕ್ಟರಮ್ಮ ಅವಳನ್ನು ಎತ್ತಿ ತೋರಿಸಿದಾಗ, ಜನ್ಮದಲ್ಲಿ ಮೊದಲ ಬಾರಿಗೆ ನನಗೆ ಹೇಳಲು ಒಂದು ಸೂಚನೆಯೂ ಹೊಳೆಯಲಿಲ್ಲ. ನಾಲ್ಕು ತಿಂಗಳ ಮೇಲೆ ಗರ್ಭಕೋಶ ತೆಗೆದರು. ಅದರ ಒಂದು ಮೂಲೆಯಲ್ಲಿ ಅದೇ ಕಾಯಿಲೆ ಮತ್ತೆ ಸಾಸಿವೆಯಷ್ಟು ತಲೆಯೆತ್ತಿತ್ತಂತೆ. ಒಟ್ಟಿಗೇ ಹೋಯಿತು, ಇನ್ನು ಬೇರೆ ಚಿಕಿತ್ಸೆ ಬೇಡ ಎಂದು ಡಾಕ್ಟರಮ್ಮ ಹೇಳಿದರು. ಆ ದಿನ ನಾನು ಖುಷಿಪಟ್ಟೆನೋ ಅತ್ತೆನೋ ಸರಿಯಾಗಿ ನೆನಪಿಲ್ಲ. ಎರಡನ್ನೂ ಮಾಡಿದೆನೆಂದು ನಮ್ಮವರ ವರದಿ.

ಮಗಳಿಗೆ ಈಗ ಎರಡು ವರ್ಷ. ಅವಳಿಗೆ ಇಪ್ಪತ್ತಾದಾಗ ಕೊಡಲೆಂದು ನಾನು ಒಂದು ಪತ್ರ ಬರೆದಿಟ್ಟಿದ್ದೇನೆ. ಹದಿನಾಲ್ಕು ಪುಟ, ಚಿತ್ರ ಸಮೇತ. ಅದನ್ನು ಅಕ್ಕನಿಗೆ ಓದಲು ಕೊಟ್ಟೆ. ಎರಡನೇ ಪುಟದಲ್ಲೇ ಅವಳಿಗೆ ಆಕಳಿಕೆ ಬಂತು. ಇದನ್ನು ಓದಿದರೆ ಕೂಸು ಮನೆ ಬಿಟ್ಟು ಓಡಿಹೋಗುತ್ತದೆ ಎಂದು, ಬಟ್ಟೆಯ ಅಳತೆ ಬರೆಯುವ ಚೀಟಿಯೊಂದನ್ನು ಹರಿದು ತಾನೇ ಬರೆದಳು: “ನಿಮ್ಮಮ್ಮನಿಗೂ ನನಗೂ ಇರೋದು ನಿನಗೂ ಇದೆ. ಇಪ್ಪತ್ತೈದಕ್ಕೆ ಮೊದಲ ಸಲ ಕರುಳು ತೋರಿಸ್ಕೋ. ಹೆದರ್ಬೇಡ, ನಾನು ಜೊತೆಗೆ ಬರ್ತೀನಿ. ನಿಮ್ಮಮ್ಮನ್ನ ಮನೇಲೇ ಬಿಟ್ಟು ಬಾ.”

ಎರಡನ್ನೂ ಒಂದೇ ಲಕೋಟೆಗೆ ಹಾಕಿ ಅಂಟಿಸಿದ್ದೇನೆ.